ಸೂತಕದ ಹಲಗೆ

ಸ್ಕಾರ್‌ಬರೋ,
ನವೆಂಬರ್ 9, 1863

ಪ್ರಿಯ ಲ್ಯಾವಿನಿಯಾ ಅತ್ತಿಗೆಗೆ,

ಸತ್ತುಹೋದಳೆಂದು ನೀವು ಊರಿಗೆಲ್ಲ ಸಾರಿರುವ ನಿಮ್ಮ ತಮ್ಮನ ಹೆಂಡತಿ ಹೆಸ್ಟರ್ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಮೊಣಕಾಲು ನೋವೊಂದನ್ನು ಬಿಟ್ಟರೆ, ಸತ್ತವಳು ಇರಬೇಕಾದ್ದಕ್ಕಿಂತ ಚೆನ್ನಾಗಿಯೇ ಇದ್ದೇನೆ.

ನಿಮ್ಮ ತಮ್ಮ ಗಾಡ್‌ಫ್ರಿ ತೀರಿಹೋದದ್ದನ್ನು ನನಗೆ ಯಾರೂ ತಿಳಿಸಲಿಲ್ಲ. ಕಳೆದ ತಿಂಗಳು ಇಲ್ಲಿಯ ಪತ್ರಿಕೆಯಲ್ಲಿ, ಬಂದರಿಗೆ ಬಂದ ಹಡಗುಗಳ ಪಟ್ಟಿಯ ಕೆಳಗೆ ಓದಿದೆ. ಹೆಲ್ಮ್‌ವಿಕ್ ಕೋಟೆಯ ಏಳನೆಯ ಲಾರ್ಡ್ ಹಾಲ್‌ವರ್ತ್ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಮೃತರಾದರು. ಇಪ್ಪತ್ತೊಂದು ವರ್ಷದ ಮಗ ಪಿಯರ್ಸ್ ಎಂಟನೆಯವರಾಗುತ್ತಾರೆ. ಹೆಂಡತಿಯ ಮಾತೇ ಇರಲಿಲ್ಲ. ನನಗೆ ಅಳು ಬರಲಿಲ್ಲ, ಸುಳ್ಳೇಕೆ ಹೇಳಲಿ. ಆದರೂ ಹಳೆಯ ಕಪ್ಪು ಉಡುಪನ್ನು ಹೊರತೆಗೆದು, ಮುಖಕ್ಕೆ ದಪ್ಪ ಪರದೆ ಹಾಕಿಕೊಂಡು ರೈಲು ಹತ್ತಿದೆ. ಗಂಡನನ್ನು ಕಳಿಸಿಕೊಡಲಿಕ್ಕಲ್ಲ, ಮಗನನ್ನು ನೋಡಲಿಕ್ಕೆ.

ಹೆಬ್ಬಾಗಿಲಿನ ಹತ್ತಿರ ಒಕ್ಕಲು ಹೆಂಗಸರ ನಡುವೆ ನಿಂತುಕೊಂಡೆ. ತಲೆ ಎತ್ತಿದರೆ ಅಂಗಳದಾಚೆ ಮನೆಬಾಗಿಲ ಮೇಲೆ ಗಾಡ್‌ಫ್ರಿಗೆಂದು ಏರಿಸಿದ ಸೂತಕದ ಹಲಗೆ ಕಾಣುತ್ತಿತ್ತು.

ಅದನ್ನು ಓದಲು ಕಲಿಸಿದವರೇ ನೀವು. ನಾನು ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಚರ್ಚಿಗೆ ಕರೆದುಕೊಂಡು ಹೋಗಿ, ಕೊಡೆಯ ತುದಿಯಿಂದ ಒಂದೊಂದನ್ನೂ ತೋರಿಸಿದಿರಿ. ಮೋರ್ವಾಲರಿಗೆ ಕಲ್ಲಿನ ಗೋರಿ, ಥಾರ್ಸ್‌ಬಿಗಳಿಗೆ ಹಿತ್ತಾಳೆಯ ತಗಡು, ನಿಮ್ಮ ಹಾಲ್‌ವರ್ತ್‌ಗಳಿಗೆ ಬಣ್ಣದ ಹಲಗೆ. ಆರುನೂರು ವರ್ಷಗಳಲ್ಲಿ ಒಂದು ಕೋಟೆ, ಮೂರು ಮನೆತನ. ಹಲಗೆಯ ನಡುವಿನ ಗುರಾಣಿಯಲ್ಲಿ ಎಡಕ್ಕೆ ಗಂಡನ ಕುಲದ ಲಾಂಛನ, ಬಲಕ್ಕೆ ಹೆಂಡತಿಯ ತವರಿನದು. ಅದರ ಹಿಂದಿನ ಬಣ್ಣವನ್ನು ನೋಡಬೇಕು ಎಂದಿರಿ: ಸತ್ತವರ ಕಡೆ ಕಪ್ಪು, ಉಳಿದವರ ಕಡೆ ಬಿಳಿ, ಎರಡೂ ಕಡೆ ಕಪ್ಪಿದ್ದರೆ ಹೆಂಡತಿ ಮೊದಲೇ ಹೋಗಿದ್ದಾಳೆ ಎಂದರ್ಥ. ಒಂದು ವರ್ಷ ಮನೆಬಾಗಿಲ ಮೇಲೆ ಇರುತ್ತದೆ, ಆಮೇಲೆ ಚರ್ಚಿನ ಗೋಡೆಗೆ ಏರಿದರೆ ಇಳಿಯುವುದಿಲ್ಲ.

ನನ್ನ ತಂದೆ ಹಲ್ ಬಂದರಿನ ಹಡಗು ವ್ಯಾಪಾರಿ; ನಮ್ಮ ಲಾಂಛನದಲ್ಲಿ ಮೂರು ಹೆರಿಂಗ್ ಮೀನು. ಅದಕ್ಕೆ ನೀವು ಮೂಗು ಮುರಿದು, “ಸಿಂಹ ಇತ್ತು, ಗಿಡುಗ ಇತ್ತು, ಈ ಗೋಡೆಗೆ ಮೀನೊಂದು ಬಾಕಿ ಇತ್ತು ನೋಡಮ್ಮ. ಇನ್ಮೇಲೆ ಚರ್ಚಿಗೆ ಬೆಕ್ಕು ಬರದ ಹಾಗೆ ನೋಡ್ಕೋಬೇಕು” ಅಂದಿರಿ. ನಾನೂ ನಕ್ಕೆ. ಇಪ್ಪತ್ತೆರಡರ ಸೊಸೆ, ನಗದೆ ಇನ್ನೇನು ಮಾಡಲಿ.

ಈಗ ಗಾಡ್‌ಫ್ರಿಯ ಹಲಗೆಯಲ್ಲಿ ನನ್ನ ಮೂರು ಮೀನುಗಳ ಹಿಂದೆಯೂ ಕಪ್ಪು ಬಳಿದಿದೆ. ಪರದೆಯಿಂದಾಗಿ ಹಾಗೆ ಕಾಣುತ್ತಿದೆಯೇನೋ ಎಂದು ಸ್ವಲ್ಪ ಎತ್ತಿಯೂ ನೋಡಿದೆ. ಪಕ್ಕದಲ್ಲಿದ್ದವಳು ಕೋಟೆಯ ಬಟ್ಟೆ ಒಗೆಯುವ ಹೆಂಗಸಂತೆ. ಕೇಳದೆಯೇ ಹೇಳಿದಳು, “ಎರಡೂ ಕಡೆ ಕಪ್ಪು, ನೋಡಿದ್ರಾ? ಅಮ್ಮಾವ್ರು ಯಾವತ್ತೋ ಹೋಗ್ಬಿಟ್ರು.” ಏನಾಗಿತ್ತು ಎಂದು ಕೇಳಿದೆ. “ಎದೆ ರೋಗ ಅಂತೆ, ಇಟಲಿಲಿ. ಓಡಿಹೋದ್ರು ಅಂತಾನೂ ಅಂತಾರೆ. ಜನಕ್ಕೇನು, ಬಾಯಿಗೆ ಬಂದಂಗೆ ಆಡ್ತಾರೆ. ಓಡಿಹೋಗಿದ್ರೆ ಅವರ ಮೀನು ಹಾಕ್ತಿದ್ರಾ ಅಲ್ಲಿ?” ಅಂದಳು. ಒಳ್ಳೆಯ ವಾದ. ಆ ಊರಿನಲ್ಲಿ ನನ್ನ ಪರವಾಗಿ ಮಾತಾಡಿದವಳು ಅವಳೊಬ್ಬಳೇ. ಇಟಲಿಯನ್ನು ನಾನು ಕಂಡಿಲ್ಲ ಅತ್ತಿಗೆ. ಸಾಯಿಸುವುದೇ ಆದಾಗ ಬಿಸಿಲಿರುವ ಕಡೆ ಸಾಯಿಸಿದ್ದೀರಲ್ಲ, ಅಷ್ಟರಮಟ್ಟಿಗೆ ಉಪಕಾರ.

ಇದು ಯಾರ ಕೆಲಸ ಎಂದು ಕೇಳಬೇಕಾಗಿಲ್ಲ. ಸತ್ತವನು ತನ್ನ ಹಲಗೆಗೆ ತಾನೇ ಬಣ್ಣ ಹೇಳಲಾರ. ಬೀಗದ ಕೈಗಳೆಲ್ಲ ನಿಮ್ಮ ಸೊಂಟದಲ್ಲಿವೆ, ನಿಮ್ಮ ಮಾತಿಲ್ಲದೆ ಆ ಮನೆಯಲ್ಲಿ ಮೇಣದಬತ್ತಿಯೂ ಉರಿಯುವುದಿಲ್ಲ. ಆದರೂ ನಾಳೆ ನೀವು ನುಣುಚಿಕೊಳ್ಳಬಾರದೆಂದು ಹಲಗೆ ಬರೆದ ಯಾರ್ಕಿನ ಚಿತ್ರಗಾರ ಟಡ್‌ಹೋಪ್‌ಗೆ ಕಾಗದ ಹಾಕಿದ್ದೇನೆ. ನಾನೇ ಲೇಡಿ ಹಾಲ್‌ವರ್ತ್, ಬದುಕಿದ್ದೇನೆ, ನನ್ನನ್ನು ಕೊಲ್ಲಲು ನಿಮಗೆ ಹೇಳಿದವರು ಯಾರು ಎಂದು ಕೇಳಿದ್ದೇನೆ.

ನನಗೆ ಬೇಕಾದದ್ದು ಇಷ್ಟೇ. ಬರುವ ಅಕ್ಟೋಬರಿನಲ್ಲಿ ಆ ಹಲಗೆ ಚರ್ಚಿಗೆ ಹೋಗುವ ಮೊದಲು ಬಲಗಡೆಗೆ ಬಿಳಿ ಬಳಿಸಿ. ಕೋಟೆ ಬೇಡ, ನಿಮ್ಮ ಊಟದ ಮೇಜಿನ ತಲೆಯಲ್ಲಿ ಕುರ್ಚಿಯೂ ಬೇಡ. ಪಿಯರ್ಸ್ ಇನ್ನು ಜೀವವಿರುವ ತನಕ ಪ್ರತಿ ಭಾನುವಾರ ಅದರ ಕೆಳಗೆ ಕೂರುತ್ತಾನೆ. ಅವನಿಗೆ ತಾಯಿ ಸತ್ತಳೆಂದೇ ಹೇಳಿ ಬೆಳೆಸಿದ್ದೀರಿ, ನನಗೆ ಗೊತ್ತು. ಇಲ್ಲದಿದ್ದರೆ ಹದಿನೇಳು ವರ್ಷಗಳಲ್ಲಿ ಒಂದು ಸಾಲು ಬರೆಯದೆ ಇರುತ್ತಿದ್ದನೆ? ಬಿಳಿ ಕಂಡರೆ ಅವನು ಕೇಳಿಯಾನು. ಕೇಳಿದರೆ ನೀವು ಹೇಳಲೇಬೇಕಾಗುತ್ತದೆ.

ಬಿಟ್ಟುಹೋದವಳಿಗೆ ಈಗೇಕೆ ಮಗ ಎಂದು ನೀವು ಹಲ್ಲು ಕಡಿಯುತ್ತಿರಬಹುದು. ಬಿಟ್ಟುಹೋದದ್ದು ಹೌದು. ಅತಿಥಿಗಳ ಎದುರಿಗೆ ಮಾತಿಗೆ ಮಾತು ಕೊಟ್ಟೆನೆಂದು ನಿಮ್ಮ ತಮ್ಮ ನನ್ನನ್ನು ಗೋಪುರದ ಕೋಣೆಯಲ್ಲಿ ಹನ್ನೊಂದು ದಿನ ಕೂಡಿಹಾಕಿದ. ತಟ್ಟೆ ತಂದಿಟ್ಟು ಬಾಗಿಲು ಹಾಕಿಕೊಂಡು ಹೋದವರು ನೀವು. ಹನ್ನೆರಡನೆಯ ದಿನ ಹೊರಗೆ ಬಂದೆ, ಹದಿಮೂರನೆಯ ದಿನ ಮಲಗಿದ್ದ ಮಗುವನ್ನು ಏಳಿಸದೆ ಹೊರಟೆ. ನಾಲ್ಕು ವರ್ಷದವನನ್ನು ಎತ್ತಿಕೊಂಡು ಎಲ್ಲಿಗೆ ಓಡಲಿ? ಮಗು ತಂದೆಯ ಸೊತ್ತು ಎಂದು ನ್ಯಾಯಾಲಯವೇ ಹೇಳುತ್ತಿದ್ದ ಕಾಲ. ಇದನ್ನು ಯಾರ ಮುಂದೆ ಬೇಕಾದರೂ ತಲೆ ಎತ್ತಿ ಹೇಳುತ್ತೇನೆ.

ಹೇಳಲಾರದ್ದು ಇನ್ನೊಂದಿದೆ, ಅದು ನಿಮಗೆ ಮಾತ್ರ ಗೊತ್ತು. ಎರಡು ವರ್ಷದ ಮೇಲೆ ಮಗುವಿಗೆ ಕೆಂಪು ಜ್ವರ ಬಂದಾಗ ನೀವೇ ಬರೆದಿರಿ. “ಅಮ್ಮ ಎಲ್ಲಿ ಅಂತ ಒಂದೇ ಸಮ ಕೇಳ್ತಿದೆ. ಗಾಡ್‌ಫ್ರಿ ಲಂಡನ್ನಿಗೆ ಹೋಗಿದಾನೆ. ಅಡುಗೆಮನೆ ಬಾಗಿಲು ತೆಗೆದಿಟ್ಟಿರ್ತೀನಿ, ಬಾ” ಎಂದು. ಬಲೆ ಅಂದುಕೊಂಡೆ. ಗಂಡನ ಮನೆಯೊಳಗೆ ಕಾಲಿಟ್ಟರೆ ಮತ್ತೆ ಕೂಡಿಹಾಕುತ್ತಾನೆ, ಕಾನೂನು ಅವನ ಕಡೆಗಿದೆ ಎಂದು ವಕೀಲರು ಹೆದರಿಸಿದ್ದರು. ಆದರೂ ಪೆಟ್ಟಿಗೆ ಕಟ್ಟಿದೆ, ನಿಲ್ದಾಣಕ್ಕೆ ಹೋದೆ, ಬೆಂಚಿನ ಮೇಲೆ ಕೂತೆ. ರೈಲು ಬಂತು, ನಿಂತಿತು, ಹೋಯಿತು. ನಾನು ಏಳಲಿಲ್ಲ. ಮನೆಗೆ ಬಂದು ಕುರಿಮಾಂಸದ ಕಡುಬು ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ. ಹಸಿವಾಗಿತ್ತು, ಅತ್ತಿಗೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಮೇಲೆ ಆರು ಹುಟ್ಟುಹಬ್ಬಕ್ಕೆ ಅವನಿಗೆ ಬರೆದೆ, ಆರೂ ವಾಪಸು ಬಂದವು. ಏಳನೆಯದನ್ನು ಬರೆಯಲಿಲ್ಲ.

ಮೊನ್ನೆ ಹೆಬ್ಬಾಗಿಲಲ್ಲಿ ನಿಂತಿದ್ದಾಗ, ಅಪ್ಪನ ಶವದ ಹಿಂದೆ ಪಿಯರ್ಸ್ ನಡೆದುಬಂದ. ನನ್ನಿಂದ ಎರಡು ಮಾರು ದೂರ. ಪಾದ್ರಿಗಳು ಏನೋ ಹೇಳಿದಾಗ ಕತ್ತನ್ನು ಪೂರಾ ತಿರುಗಿಸಿ ಬಲಗಿವಿಯನ್ನು ಕೊಟ್ಟ. ಆ ಜ್ವರದಲ್ಲಿ ಎಡಗಿವಿ ಹೋಯಿತೆಂದು ಯಾರೋ ಹೇಳಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು. ಪರದೆ ಎತ್ತಿದ್ದರೆ ಆಗುತ್ತಿತ್ತು. ಎತ್ತಲಿಲ್ಲ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ನಿಮ್ಮ ಕೋಟೆಯಲ್ಲಿ ತಂದ ಹೆಣ್ಣೂ ಹೊರಗೇ. ಮೋರ್ವಾಲರ ಕೊನೆಯವಳು ಒಂಬತ್ತು ವರ್ಷದ ಆಲಿಸ್. ಅವಳನ್ನು ಮದುವೆಯಾಗಿ ಥಾರ್ಸ್‌ಬಿಗಳು ಕೋಟೆಗೆ ಒಡೆಯರಾದರು. ಥಾರ್ಸ್‌ಬಿಗಳ ಕೊನೆಯವಳು ಜೋನ್, ಅವಳಿಂದ ನಿಮ್ಮವರು. ಎರಡು ಸಲವೂ ಕೋಟೆ ಕೈ ಬದಲಾಯಿಸಿದ್ದು ಹೆಣ್ಣಿನ ಸೆರಗು ಹಿಡಿದುಕೊಂಡು. ಚರ್ಚಿನಲ್ಲಿ ಆ ಜೋನಳ ಹಿತ್ತಾಳೆಯ ತಗಡನ್ನು ಮೂಲೆಗೆ ತಳ್ಳಿ ಅಲ್ಲಿ ಒಲೆ ಇಟ್ಟಿದ್ದೀರಿ, ಚಳಿಗಾಲದಲ್ಲಿ ನಿಮ್ಮ ಕಾಲು ಬೆಚ್ಚಗಿರಲಿ ಎಂದು. ಪಿಯರ್ಸ್ ಮದುವೆಯಾದ ಮರುದಿನ ನೀವೂ ಬೀಗದ ಕೈ ಬಿಚ್ಚಿಟ್ಟು ಹೊರಡುತ್ತೀರಿ. ಮದುವೆಯೇ ಆಗದ ನಿಮಗೆ ಹಲಗೆಯಲ್ಲಿ ಬಲಗಡೆಯೂ ಇಲ್ಲ, ಎಡಗಡೆಯೂ ಇಲ್ಲ. ಅದಕ್ಕಾದರೂ ನನ್ನ ಅರ್ಧವನ್ನು ನನಗೆ ಬಿಡಬಹುದಿತ್ತು.

ಕ್ರಿಸ್‌ಮಸ್ ಒಳಗೆ ಉತ್ತರ ಬರದಿದ್ದರೆ ಹೊಸ ವರ್ಷದ ಮೊದಲ ಭಾನುವಾರ ನಾನೇ ಹೆಲ್ಮ್‌ವಿಕ್ ಚರ್ಚಿಗೆ ಬರುತ್ತೇನೆ. ಪರದೆ ಇರುವುದಿಲ್ಲ. ಹಾಲ್‌ವರ್ತ್‌ಗಳ ಬೆಂಚಿನಲ್ಲಿ, ನನ್ನ ಮಗನ ಬಲಗಿವಿಯ ಪಕ್ಕದಲ್ಲಿ ಕೂರುತ್ತೇನೆ.

ಇಂತು,
ನಿಮ್ಮ ತಮ್ಮನ ವಿಧವೆ,
ಹೆಸ್ಟರ್ ಹಾಲ್‌ವರ್ತ್

ಮರೆತ ಮಾತು:

ನವೆಂಬರ್ 12. ಕಾಗದವನ್ನು ಅಂಚೆಗೆ ಹಾಕಲು ಮೂರು ದಿನ ತಡೆದದ್ದು ಟಡ್‌ಹೋಪ್‌ನ ಉತ್ತರಕ್ಕಾಗಿ. ಇವತ್ತು ಬಂತು. ತನ್ನದೇನೂ ತಪ್ಪಿಲ್ಲ ಎಂದು ಸಾಕ್ಷಿಗೆ ತನಗೆ ಬಂದ ಚೀಟಿಯನ್ನೇ ಜೊತೆಗಿಟ್ಟಿದ್ದಾನೆ. ಅದರಲ್ಲಿರುವುದು ಇಷ್ಟು: “ನನ್ನ ತಾಯಿ ಬದುಕಿದ್ದಾರೆ, ಸ್ಕಾರ್‌ಬರೋದಲ್ಲಿದ್ದಾರೆ, ನನಗೆ ಗೊತ್ತು. ಬಲಗಡೆ ಬಿಳಿ ಇರಲಿ ಎಂದು ನಮ್ಮ ಸೋದರತ್ತೆ ಹೇಳಿ ಕಳಿಸಬಹುದು, ಅದನ್ನು ಕೇಳಬೇಡಿ. ಎರಡೂ ಕಡೆ ಕಪ್ಪು. ಪಿಯರ್ಸ್ ಹಾಲ್‌ವರ್ತ್.”

ಹಾಗಾದರೆ ಬಿಳಿ ಬೇಕೆಂದವರು ನೀವು. ಅಡುಗೆಮನೆಯ ಬಾಗಿಲನ್ನೂ ಅವತ್ತು ನಿಜವಾಗಿ ತೆಗೆದಿಟ್ಟಿದ್ದಿರೇನೋ. ಮೇಲೆ ಬರೆದದ್ದನ್ನು ಹರಿದುಹಾಕದೆ ಹಾಗೇ ಕಳಿಸುತ್ತಿದ್ದೇನೆ. ಇಷ್ಟು ವರ್ಷ ನಿಮ್ಮನ್ನು ಎಷ್ಟು ಬೈದುಕೊಂಡಿದ್ದೆ ಎಂಬುದು ನಿಮಗೂ ಗೊತ್ತಿರಲಿ. ಹಲಗೆ ಹೇಗಿದೆಯೋ ಹಾಗೆಯೇ ಚರ್ಚಿಗೆ ಹೋಗಲಿ. ಜನವರಿಯಲ್ಲಿ ನಾನು ಬರುವುದಿಲ್ಲ.

ಚೀಟಿಯನ್ನು ವಾಪಸು ಕಳಿಸಬೇಕೆಂದು ಟಡ್‌ಹೋಪ್ ಕೇಳಿಕೊಂಡಿದ್ದಾನೆ. ಕಳಿಸುವುದಿಲ್ಲ. ನನ್ನ ಮಗ ಬರೆದದ್ದು ನನ್ನ ಹತ್ತಿರ ಇರುವುದು ಅದೊಂದೇ.