ಪೊರಕೆ ಹಿಡಿಯ ತಾಳ

ವುಹಾನ್, ಡಿಸೆಂಬರ್ 28

ಕೆಳಗಿನ ಮನೆಯ ಕುವಾಂಗ್ ಅಜ್ಜಿ,

ಮೇಲಿನ ಮನೆಯಲ್ಲಿ ಗಿಟಾರ್ ಬಾರಿಸೋ ಶು ಮಿಯಾನ್ ನಾನು. ಬೈಯಬೇಡಿ, ಸುದ್ದಿ ಒಳ್ಳೆಯದೇ.

ಬೀಜಿಂಗಿನ ಪತ್ರಿಕೆಯೊಂದು ಈ ವರ್ಷದ ಹತ್ತು ಒಳ್ಳೆಯ ಸ್ವತಂತ್ರ ಆಲ್ಬಂಗಳ ಪಟ್ಟಿ ಹಾಕಿದೆ. ನಮ್ಮ ತಂಡದ್ದು ಏಳನೆಯದು. ಮೂರನೇ ಹಾಡಿನಲ್ಲಿ ತಾಳ ತಪ್ಪಿ ಬರುವ ಡ್ರಮ್ಮನ್ನು ಬಾಯ್ತುಂಬ ಹೊಗಳಿದ್ದಾರೆ. ಅದು ಡ್ರಮ್ಮಲ್ಲ ಅಜ್ಜಿ. "ನಿಲ್ಸ್ರೋ ಕತ್ತೆಗಳಾ, ತಲೆ ಸಿಡೀತಿದೆ!" ಅಂತ ನಾವು ಮನೇಲಿ ರೆಕಾರ್ಡ್ ಮಾಡ್ತಿದ್ದಾಗ ನೀವು ಪೊರಕೆ ಹಿಡಿಯಿಂದ ಚಾವಣಿಗೆ ಬಡಿದದ್ದು. ಬೈಗುಳ ಅಳಿಸಿದೆವು, ಬಡಿತ ಉಳೀತು.

ಅದೇ ಆಲ್ಬಂನ ಹೊಸ ಕ್ಯಾಸೆಟ್ಟಿನ ಮೇಲೆ ಡ್ರಮ್ ಅನ್ನೋ ಕಡೆ ನಿಮ್ಮ ಹೆಸರು ಹಾಕಬೇಕು. ಪೂರ್ತಿ ಹೆಸರು ಬರೆದು ಕಳಿಸಿ.

ತಂಡದವರೆಲ್ಲ ಕೆಲಸ ಸಿಕ್ಕ ಊರಿಗೆ ಹೋದರು. ನೀವೂ ಮಗಳ ಮನೆ ಸೇರಿದಿರಿ. ಈಗ ಎಷ್ಟು ಜೋರಾಗಿ ಬಾರಿಸಿದರೂ ಯಾರೂ ಬೈಯಲ್ಲ.

ಇಲ್ಲೇ ಬಿಟ್ಟುಹೋದ ಸಾರಿನ ಮಡಕೆ ಒಯ್ಯಲು ಬರ್ತೀರಂತಲ್ಲ, ಬಂದಾಗ ಒಂದು ಸಲ ಬಡೀರಿ. ತಕ್ಷಣ ನಿಲ್ಲಿಸ್ತೀನಿ.

ನಿಮ್ಮ ಕತ್ತೆ,
ಶು ಮಿಯಾನ್