ನಾಲ್ಕನೇ ಲೋಟದ ಸಾಕ್ಷಿ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಶ್ರೀಮದ್ ಅಕ್ಕನವರ ಸನ್ನಿಧಾನಕ್ಕೆ, ಕಿವಿ ಹಿಂಡಿಸಿಕೊಂಡೇ ಬೆಳೆದ ತಮ್ಮನ ಉದ್ದಂಡ ನಮಸ್ಕಾರಗಳು.

ಹೂಂ ಅನ್ನಲೋ ಊಹೂಂ ಅನ್ನಲೋ ಎಂದು ಯೋಚಿಸಲು ನೀನು ಚಿಕ್ಕಮ್ಮನ ಮನೆಗೆ ಹೋಗಿ ಇಂದಿಗೆ ಐದು ದಿನ. ಬುಧವಾರದೊಳಗೆ ಗಂಡಿನ ಕಡೆಯವರಿಗೆ ಉತ್ತರ ಹೋಗಬೇಕು. ಅದಕ್ಕೆ ಮುಂಚೆ ಒಂದು ಗಂಭೀರ ವರದಿ ಸಲ್ಲಿಸುವುದು ನನ್ನ ಕರ್ತವ್ಯ. ನಗಬೇಡ.

ಸುರಿಯುವುದಷ್ಟೇ ನನ್ನ ಕೆಲಸ, ಕುಡಿಯುವುದು ಊರವರದು ಎಂದು ನಿನ್ನ ಮೇಲೆ ಆಣೆಯಿಟ್ಟು ಸೇರಿದ ಬಾರಿನ ಮೇಲ್ಮಹಡಿಯಲ್ಲಿ ನಿನ್ನೆ ಸಂಜೆ ವಿಸ್ಕಿಯ ರುಚಿ ನೋಡುವ ಕೂಟವಿತ್ತು. ಒಬ್ಬೊಬ್ಬರ ಮುಂದೆ ಐದು ಲೋಟ, ಒಂದೊಂದರಲ್ಲಿ ಎರಡು ಗುಟುಕು. ಮೊದಲು ಮೂಸಬೇಕು, ಆಮೇಲೆ ನಾಲಗೆಯ ಮೇಲೆ ಹೊರಳಿಸಬೇಕು, ಅನಿಸಿದ್ದನ್ನು ಚೀಟಿಯಲ್ಲಿ ಬರೆಯಬೇಕು. ನಡೆಸಿಕೊಡಬೇಕಾದ ಯಜಮಾನರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. "ಲೋ, ಇವತ್ತು ನೀನೇ ನಿಂತ್ಕೊ. ಕೋತಿಚೇಷ್ಟೆ ಮಾಡಿದ್ಯೋ, ನಾಳೆಯಿಂದ ಬರ್ಬೇಡ" ಅಂದರು. ಕರಿ ಕೋಟು ತೊಟ್ಟು, ತೀರ್ಪು ಕೊಡುವ ನ್ಯಾಯಾಧೀಶನ ಮುಖ ಮಾಡಿಕೊಂಡು ನಿಂತೆ.

ಒಂಬತ್ತು ಜನ ಬಂದರು. ಒಂಬತ್ತನೆಯವರು ಯಾರು ಅಂದುಕೊಂಡೆ? ನಿನ್ನನ್ನು ನೋಡಿಹೋದ ಸೋಪು ಕಾರ್ಖಾನೆಯ ಮಹಾಶಯರು! ಒಂದು ಹನಿಯೂ ಮುಟ್ಟಿದವನಲ್ಲ ಅಂತ ಅಮ್ಮನ ಎದುರು ಹೇಳಿದರಲ್ಲ, ಅವರೇ. ನನ್ನನ್ನು ಕಂಡು ಕಿವಿಯವರೆಗೂ ಕೆಂಪಾಗಿ, "ಆಫೀಸಿನವ್ರು ಎಳ್ಕೊಂಡು ಬಂದ್ರು" ಅಂದರು. ಎಳೆಸಿಕೊಂಡು ಬಂದವರು ಅಷ್ಟು ಸಲೀಸಾಗಿ ಮೆಟ್ಟಿಲು ಹತ್ತುತ್ತಾರೆಯೇ?

ಅಪ್ಪನ ಬಾಟಲಿಗಳನ್ನು ಹಿತ್ತಿಲಲ್ಲಿ ಹೂತುಹಾಕುತ್ತಿದ್ದವಳು ನೀನು. ಕುಡಿಯುವವನ ಮನೆಯ ಹೊಸಿಲು ದಾಟಲಾರೆ ಅಂದವಳೂ ನೀನೇ. ಆದ್ದರಿಂದ ಕಣ್ಣು ಮಿಟುಕಿಸದೆ ಕಾವಲು ಕಾದೆ. ಅವರು ಕೈಯ ಬಿಸಿ ತಾಗದಂತೆ ಲೋಟದ ಬುಡವನ್ನು ಎರಡೇ ಬೆರಳಲ್ಲಿ ಹಿಡಿದರು. ಬಾಯಿ ಚೂರು ತೆರೆದು, ಕಣ್ಣು ಮುಚ್ಚಿ ಮೂಸಿದರು. ಹಾಗೆ ಮೂಸುವುದನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿದಿತ್ತು!

ಇನ್ನು ನನ್ನ ಕೋತಿಚೇಷ್ಟೆ. ಎರಡನೇ ಲೋಟಕ್ಕೂ ನಾಲ್ಕನೇ ಲೋಟಕ್ಕೂ ಒಂದೇ ಬಾಟಲಿಯಿಂದ ಸುರಿದಿದ್ದೆ. ದಪ್ಪ ಕನ್ನಡಕದ ವಕೀಲರಿಗೆ ಎರಡರಲ್ಲಿ ಜೇನು ಸಿಕ್ಕಿತು, ನಾಲ್ಕರಲ್ಲಿ ಹಳೇ ಚಪ್ಪಲಿಯ ಚರ್ಮ. "ಚಪ್ಪಲಿ ಯಾವಾಗ ತಿಂದಿದ್ರಿ?" ಅಂತ ಅವರ ಹೆಂಡತಿ ಕೇಳಿದರು. ಎಂಟು ಜನ ಸಲೀಸಾಗಿ ಹಳ್ಳಕ್ಕೆ ಬಿದ್ದರು. ಒಂದು ಚೀಟಿಯಲ್ಲಿ ಮಾತ್ರ "ಎರಡೂ ನಾಲ್ಕೂ ಒಂದೇ" ಎಂದಿತ್ತು. ಯಾರದೆಂದು ಬಾಯಿಬಿಟ್ಟು ಹೇಳಬೇಕೇ?

ಹನಿ ಮುಟ್ಟದವರಿಗೆ ಈ ಪಾಂಡಿತ್ಯ ಎಲ್ಲಿಂದ ಬಂತು? ನಾನೇನೂ ಹೇಳುವುದಿಲ್ಲಪ್ಪ. ಇನ್ನೊಂದು ವರ್ಷ ಮನೆಯಲ್ಲೇ ಇದ್ದರೆ ಯಾರ ಗಂಟು ಹೋಗುತ್ತದೆ, ಯೋಚಿಸು.

ಇತಿ,
ನಿನ್ನ ಹಿತೈಷಿಯೂ ಪರಮ ಪ್ರಾಮಾಣಿಕನೂ ಆದ
ಬಾಲಂಗೋಚಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆ ಚೀಟಿಯಲ್ಲಿ ಎರಡನೇ ಸಾಲೂ ಇತ್ತು: "ನಾಲ್ಕನೇ ಲೋಟ ಮಾತ್ರ ಲಿಂಬೆ ಸೋಪಿನಲ್ಲಿ ತೊಳೆದದ್ದು." ರುಚಿ ನೋಡುವ ಲೋಟವನ್ನು ಬರೀ ಬಿಸಿನೀರಲ್ಲಿ ತೊಳೆಯಬೇಕು, ಸೋಪು ತಾಕಿಸಕೂಡದೆಂದು ಯಜಮಾನರ ಕಟ್ಟಪ್ಪಣೆ. ಒಂದು ಲೋಟ ಕಡಿಮೆ ಬಿತ್ತೆಂದು ನಾನು ಅವರ ಮುಂದೆ ಅಡುಗೆಮನೆಯದನ್ನು ತಂದಿಟ್ಟಿದ್ದೆ. ಸೋಪಿಗೆ ಪರಿಮಳ ಬೆರೆಸುವುದು ಅವರ ಕೆಲಸವಂತೆ. ಮೂಗೇ ಅವರಿಗೆ ಅನ್ನ. ಹೊರಡುವಾಗ ಚೀಟಿ ಮಡಚಿ ನನ್ನ ಕೈಗೇ ಕೊಟ್ಟು, "ಯಜಮಾನ್ರಿಗೆ ತೋರಿಸ್ಬೇಡಿ, ನಿಮ್ಗೆ ತೊಂದ್ರೆ" ಅಂದರು. ಮೇಜು ಒರೆಸಲು ಹೋದರೆ, ಅವರ ಐದೂ ಲೋಟಗಳಲ್ಲಿ ನಾನು ಸುರಿದದ್ದು ಸುರಿದಷ್ಟೇ ಇತ್ತು. ಇಷ್ಟೆಲ್ಲ ಗೊತ್ತಿದ್ದೇ ಮೇಲಿನದನ್ನು ಬರೆದೆ ಕಣೇ. ನೀನು ಹೊರಟುಹೋದರೆ ಈ ಮನೆಯಲ್ಲಿ ನನ್ನ ಕಿವಿಯನ್ನು ಯಾರು ಕೇಳುತ್ತಾರೆ? ಹೂಂ ಅನ್ನು. ತಿಂಗಳಿಗೊಮ್ಮೆ ಬಂದು ಹಿಂಡಿ ಹೋಗು, ಸಾಕು.