ಸೀಟಿನಡಿಯ ಎರಡು ಕೇಬಲ್

ಮಂಗಳವಾರ

ಅಕ್ಕಾ,

ನಮ್ಮ ವಿಮಾನಕ್ಕೆ ರೆಕ್ಕೆ ಬಂತು, ಎರಡೂ! ಇದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತಿತ್ತು. ನೀನು, ಭಾವ ಚೆನ್ನಾಗಿದ್ದೀರಲ್ಲ? ಮದುವೆಯಾದ ಮೇಲೆ ಒಂದು ಸಾಲೂ ಬರೆಯಲಿಲ್ಲ ಎಂದು ಬೈಯಬೇಡ. ಕಾನ್ವೆಂಟಿನವಳ ಒತ್ತಕ್ಷರ ನೋಡಿ ನಗಲೂಬೇಡ. ಹನಿಮೂನ್ ಎಲ್ಲಿ ಎಂದು ಕೇಳಿದವರಿಗೆಲ್ಲ, ಇವರು ತಾವೇ ವಿಮಾನ ಕಟ್ಟುತ್ತಿರುವ ಶೆಡ್ಡಿನಲ್ಲಿ ಎನ್ನುತ್ತಿದ್ದೇನೆ. ಕೈತುಂಬ ಬಳೆ ಇರಬೇಕಾದಲ್ಲಿ ಗ್ರೀಸ್.

ಭಾನುವಾರ ಇವರು ಅದನ್ನು ಮೊದಲ ಸಲ ಹಾರಿಸುತ್ತಾರೆ. ಅದಕ್ಕೇ ನನಗೆ ಊಟ ಸೇರುತ್ತಿಲ್ಲ.

ನಿನ್ನೆ ಫೋಟೊಗೆಂದು ನನ್ನನ್ನು ಪೈಲಟ್ ಸೀಟಿನಲ್ಲಿ ಕೂರಿಸಿದರು. ಜಂಬದಿಂದ, ವಿಮಾನ ತಿರುಗಿಸುವ ಸ್ಟಿಕ್ಕನ್ನು ಎಡಕ್ಕೆ ವಾಲಿಸಿದೆ. ಎಡರೆಕ್ಕೆಯ ಹಿಂದಿನ ಪಟ್ಟಿ ಕೆಳಗಿಳಿಯಿತು. ಅದು ಮೇಲೇಳಬೇಕು ಎಂದು ಇವರೇ ನನಗೆ ಪಾಠ ಮಾಡಿದ್ದರು. ಹೀಗೇಕೆ ಎಂದು ಕೇಳಿದ್ದೇ ತಡ, ಇವರ ಮುಖ ಬಿಳಿಚಿಕೊಂಡಿತು. ಹಾಗೆಯೇ ಹಾರಿದ್ದರೆ ಎಡಕ್ಕೆ ತಿರುಗಿಸಿದಾಗ ಬಲಕ್ಕೆ ವಾಲಿ, ನೆಲ ಬಿಟ್ಟ ಕೂಡಲೇ ಮಗುಚಿಕೊಳ್ಳುತ್ತಿತ್ತಂತೆ. ಬಾಲದ ಕಡೆ ಮುಖಮಾಡಿ ಬೋರಲು ಮಲಗಿ, ಸ್ಟಿಕ್ಕಿನಿಂದ ರೆಕ್ಕೆಯ ಪಟ್ಟಿಗಳಿಗೆ ಹೋಗುವ ಕೇಬಲ್ ಜೋಡಿಸುವಾಗ, ತಮ್ಮ ಎಡಗೈಯ ಕಡೆಯೇ ವಿಮಾನದ ಎಡ ಅಂದುಕೊಂಡಿದ್ದರು, ಪಾಪ.

ಸೀಟು ಕಿತ್ತೆವು. ಎರಡೂ ಕೇಬಲ್ ಬಿಚ್ಚಿ, ಅದಲುಬದಲು ಮಾಡಿ ಬಿಗಿದೆವು. ನಾನು ಸ್ಟಿಕ್ ಆಡಿಸಿದೆ, ಇವರು ಹೊರಗೆ ನಿಂತು ಮೇಲೆ, ಕೆಳಗೆ ಎಂದು ಕೂಗಿದರು. ಸರಿಹೋಯಿತು. ಆದರೂ ಇನ್ನೊಬ್ಬರು ನೋಡಲಿ ಎಂದೆ. ಇವರಿಗೆ ಹಾರಲು ಕಲಿಸಿದ ಮೀಸೆ ಅಂಕಲ್ ಪಕ್ಕದ ರಸ್ತೆಯಲ್ಲೇ ಇದ್ದಾರೆ.

"ಅವರಿಗೆ ಗೊತ್ತಾದ್ರೆ, ಎಡ ಬಲ ತಿಳೀದೋನು ಅಂತ ಸಾಯೋ ತನಕ ಆಡ್ಕೋತಾರೆ. ನಿನಗೆ ನನ್ಮೇಲೆ ನಂಬಿಕೆ ಇಲ್ವಾ?" ಎಂದರು.

ಇದೆ ಎಂದೆ. ಇದೆ ಅಕ್ಕಾ. ಆದರೆ ಮೊನ್ನೆಯೂ ಎಲ್ಲ ಸರಿಯಿದೆ ಎಂದಿದ್ದರಲ್ಲ?

ಪುಟ್ಟಿಗೆ ಮುತ್ತು. ನಿಮ್ಮ ಆಶೀರ್ವಾದ ಇವರ ಮೇಲಿರಲಿ, ಭಾನುವಾರ ಸ್ವಲ್ಪ ಜಾಸ್ತಿಯೇ ಇರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇವತ್ತು ಬುಧವಾರ. ಲಕೋಟೆ ಅಂಟಿಸುವ ಮೊದಲೇ ಮೀಸೆ ಅಂಕಲ್ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ನೇರವಾಗಿ ಶೆಡ್ಡಿಗೆ ಬಂದು, ತಾವು ಪ್ರತಿಯೊಂದು ಜೋಡಣೆಯನ್ನೂ ನೋಡುವ ತನಕ ಹಾರುವಂತಿಲ್ಲ ಎಂದು ಎಂಜಿನ್ನಿನ ಕೀ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಇವರು ನನ್ನೊಡನೆ ಆಡಿದ್ದು ಒಂದೇ ಮಾತು: "ಸ್ವಲ್ಪ ದಿನ ಅಕ್ಕನ ಮನೇಲಿದ್ದು ಬಾ." ಭಾವನಿಗೆ ಸದ್ಯಕ್ಕೆ ಏನೂ ಹೇಳಬೇಡ. ಶುಕ್ರವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ, ಒಬ್ಬಳೇ.